ಹನ್ನೊಂದು ಹಂತಗಳಲ್ಲಿ ಕೆಪಾಸಿಟರ್ ಬದಲಾವಣೆ

ಮೋಟಾರಿನ ಕೆಪಾಸಿಟರ್ ಬದಲಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಏಕೆಂದರೆ ಆ ಪುಸ್ತಕ ಬರೆದವಳೇ ನಾನು!

ಬಡಾಯಿಯಲ್ಲ, ನಿಜ. ವೈಟ್‌ಫೀಲ್ಡಿನ ಆಫೀಸಿನಲ್ಲಿ ನನ್ನ ಕೆಲಸವೇ ಅದು. ಪೀಣ್ಯದ ಕಾರ್ಖಾನೆಗಳು ಯಂತ್ರ ಮಾಡುತ್ತವೆ. ಯಂತ್ರದ ಜೊತೆ ಡಬ್ಬದಲ್ಲಿ ಹೋಗುವ, ಯಾರೂ ಓದದ ಪುಸ್ತಕವನ್ನು ನಾನು ಬರೆಯುತ್ತೇನೆ. ‘ಕೆಪಾಸಿಟರ್ ಬದಲಿಸುವ ವಿಧಾನ: ಹನ್ನೊಂದು ಹಂತಗಳು’ ಎಂಬ ಅಧ್ಯಾಯವನ್ನು ಚಿತ್ರಸಮೇತ ಬರೆದು, ಮೂರು ಸಲ ತಿದ್ದಿ, ಕೆಳಗೆ ಸಹಿ ಹಾಕಿದ್ದೆ. ಅಲ್ಲಿಯವರೆಗೆ ಆ ಪುಟ್ಟ ಡಬ್ಬಿಯಂಥ ಕೆಪಾಸಿಟರ್ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ ಎಂಬುದು ಸಣ್ಣ ವಿಷಯ.

ನಾವಾಗ ಪಟ್ಟಂದೂರು ಅಗ್ರಹಾರದಲ್ಲಿ, ರಾಜಮ್ಮನವರ ಕಟ್ಟಡದ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗಿನ ಒಂಟಿ ಕೋಣೆಯಲ್ಲಿ ನೀಲವ್ವ ಮತ್ತು ಅವಳ ಗಂಡ ಶರಣಪ್ಪ. ಕುಷ್ಟಗಿ ಕಡೆಯವರು. ನೀಲವ್ವ ಹತ್ತು ವರ್ಷ ಟೈಲ್ಸ್ ಮೇಸ್ತ್ರಿಗಳ ಕೈಕೆಳಗೆ ಸಿಮೆಂಟು ಹೊತ್ತು, ನೋಡಿ ನೋಡಿಯೇ ಕೆಲಸ ಕಲಿತವಳು. ಟೇಪು ಹಿಡಿಯದೆ, ಕಣ್ಣಳತೆಯಲ್ಲೇ ‘ಈ ಗ್ವಾಡಿ ಎರಡು ನೂಲು ಸೊಟ್ಟ ಐತ್ರಿ’ ಅನ್ನುತ್ತಿದ್ದಳು. ಟೇಪು ಹಿಡಿದು ನೋಡಿದರೆ ಸರಿಯಾಗಿ ಎರಡೇ ನೂಲು, ಅಂದರೆ ಕಾಲು ಇಂಚು, ಇರುತ್ತಿತ್ತು!

ಹಿಂದಿನ ಬೀದಿಯಲ್ಲಿ ರಾಜಮ್ಮ ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ಟೈಲ್ಸ್ ಕೆಲಸವನ್ನು ನೀಲವ್ವ ಮೊಟ್ಟಮೊದಲ ಬಾರಿಗೆ ತನ್ನ ಹೆಸರಿನಲ್ಲೇ ಒಪ್ಪಿಕೊಂಡಿದ್ದಳು. ಹೆಂಗಸು ಮೇಸ್ತ್ರಿಯೇ ಎಂದು ನಕ್ಕವರಲ್ಲಿ ರಾಜಮ್ಮನ ತಮ್ಮನೇ ಮೊದಲಿಗ. ನಗದೆ ಇದ್ದವನು ಶರಣಪ್ಪ ಒಬ್ಬನೇ. ಅವನು ತೆಪ್ಪಗೆ ಹೆಂಡತಿಗೆ ಹೆಲ್ಪರ್ ಆಗಿ ಸಿಮೆಂಟು ಕಲಸತೊಡಗಿದ್ದ.

ಗೃಹಪ್ರವೇಶ ಸೋಮವಾರ ಬೆಳಗ್ಗೆ. ಅಡುಗೆಮನೆಯ ಅಂಚಿನ ಟೈಲ್ಸ್ ಮಾತ್ರ ಬಾಕಿ. ಅದನ್ನು ಶನಿವಾರ ಸಂಜೆಯೊಳಗೆ ಅಂಟಿಸಿದರೆ ಒಣಗುತ್ತದೆ, ಇಲ್ಲದಿದ್ದರೆ ಇಲ್ಲ. ಅಲ್ಲಿ ಇನ್ನೂ ಕರೆಂಟು ಬಂದಿರಲಿಲ್ಲವಾದ್ದರಿಂದ ನೀಲವ್ವ ನಮ್ಮ ಅಂಗಳದಲ್ಲೇ ಟೈಲ್ಸ್ ಕೊಯ್ಯುತ್ತಿದ್ದಳು. ಶನಿವಾರ ಬೆಳಗ್ಗೆ ಅವಳ ಹಳೇ ಕಟಿಂಗ್ ಮಷಿನ್ ಕೈಕೊಟ್ಟಿತು.

“ಗುರ್ ಅಂತೈತ್ರಿ ಅಕ್ಕಾರ, ತಿರಗವಲ್ದು” ಎಂದು ಅವಳು ಕಟ್ಟಿಗೆಯ ಚೂರಿನಿಂದ ಬ್ಲೇಡನ್ನು ಮೆಲ್ಲಗೆ ನೂಕಿದಳು. ಅದು ತಿರುಗತೊಡಗಿತು. ಟೈಲ್ಸ್ ಒತ್ತಿದೊಡನೆ ಮತ್ತೆ ನಿಂತಿತು. “ಮೂಲಿ ಮೋಟಾರ್ ಅಂಗಡಿಗೆ ಒಯ್ತೀನ್ರಿ. ಅಂವ ಮಧ್ಯಾಹ್ನಕ್ಕ ಬಾಗಲಾ ಹಾಕ್ತಾನ.”

“ಅಂಗಡಿ ಯಾಕೆ ನೀಲವ್ವ? ಇದು ಕೆಪಾಸಿಟರ್ ಪ್ರಾಬ್ಲಂ. ನಾನಿಲ್ವಾ?”

ಮಹಡಿಯ ಮೇಲೆ ಹಲ್ಲುಜ್ಜುತ್ತಿದ್ದ ನನ್ನ ಗಂಡ ಸತೀಶ ಬ್ರಷ್ಷು ಹೊರಗೆಳೆದ. “ಲೇ, ಮಿಕ್ಸಿ ಜಾರ್ ಸಿಕ್ಕಾಕೊಂಡ್ರೆ ನನ್ನ ಕರೀತೀಯ. ಇದಕ್ಕೆ ಕೈ ಹಾಕ್ತೀಯಾ?”

“ನೀವು ಸಾಫ್ಟ್‌ವೇರ್ ಟೆಸ್ಟರ್ ಕಣ್ರೀ. ಕೆಟ್ಟೋಗಿದೆ ಅಂತ ಹೇಳೋದಷ್ಟೇ ನಿಮ್ಮ ಕೆಲಸ.”

“ಅದನ್ನೇ ಅಡ್ವಾನ್ಸಾಗಿ ಹೇಳ್ತಿದೀನಿ!”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಫೀಸಿನ ಅಧ್ಯಾಯದ ಪ್ರಿಂಟನ್ನು ಇಟ್ಟಿಗೆಯ ಮೇಲೆ ಹರಡಿದೆ. ಮೊದಲನೇ ಹಂತ, ಸುರಕ್ಷತೆ. ಸತೀಶನ ಬೈಕಿನ ಹೆಲ್ಮೆಟ್ಟು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಧರಿಸಿದೆ. ಮೂರನೇ ಹಂತ, ಹಳೆಯ ಕೆಪಾಸಿಟರಿನಲ್ಲಿ ಅಡಗಿರುವ ವಿದ್ಯುತ್ತನ್ನು ಹೊರಹಾಕುವುದು. ಎಲ್ಲರೂ ಹತ್ತಡಿ ದೂರ ಸರಿಯತಕ್ಕದ್ದು ಎಂದು ಘೋಷಿಸಿದೆ. ಅಂಗಳದಲ್ಲಿ ಬೆಡ್‌ಶೀಟು ಒಣಹಾಕುತ್ತಿದ್ದ ರಾಜಮ್ಮನೂ ಸರಿದರು. ಉಸಿರು ಬಿಗಿಹಿಡಿದು ಸ್ಕ್ರೂಡ್ರೈವರ್ ತಾಗಿಸಿದೆ. ಚಿಟ್ ಎನ್ನಲಿಲ್ಲ, ಚುಯ್ ಎನ್ನಲಿಲ್ಲ.

“ಒಟ್ಟೆ ಊದ್ಕೊಂಡು ಯಾವತ್ತೋ ಸತ್ತೋಗೈತೆ ಕಣವ್ವಾ. ನಮ್ಮನ್ಯಾಕೆ ಎದ್ರುಸ್ತೀಯಾ?” ಎಂದರು ರಾಜಮ್ಮ.

ಮುಂದಿನ ಹಂತ, ‘ಸೂಕ್ತ ಕೆಪಾಸಿಟರನ್ನು ಪಡೆದುಕೊಳ್ಳಿ’. ಬರೆಯುವಾಗ ಎಷ್ಟು ಸುಲಭವಾಗಿತ್ತು! ಬೀದಿಯ ಎಲೆಕ್ಟ್ರಿಕಲ್ ಅಂಗಡಿಯವನು ಕೇಳಿದ, “ಕಂಡೆನ್ಸರಾ ಮೇಡಂ? ಹಳೇದು ಸ್ಯಾಂಪಲ್ ತಂದಿದೀರಾ?” ಇಡೀ ಬೆಂಗಳೂರಿನಲ್ಲಿ ಹಳೇದನ್ನು ಜೇಬಿನಲ್ಲಿಟ್ಟುಕೊಳ್ಳದೆ ಅಂಗಡಿಗೆ ಬಂದವಳು ನಾನೊಬ್ಬಳೇ. ನನ್ನ ಪುಸ್ತಕದಲ್ಲಿ ಆ ಹಂತವೇ ಇರಲಿಲ್ಲ. ಅಂದಾಜಿನ ಮೇಲೆ ಒಂದನ್ನು ತಂದೆ. ಅದು ಸೀಲಿಂಗ್ ಫ್ಯಾನಿನದು. ಮಷಿನ್ ಗುರ್ ಎನ್ನುವುದನ್ನೂ ಬಿಟ್ಟು ಗೊಣಗತೊಡಗಿತು.

ಈ ಸಲ ಸ್ಯಾಂಪಲ್ ಹಿಡಿದು ಮಾರತ್ತಹಳ್ಳಿಗೆ ಸ್ಕೂಟರ್ ಓಡಿಸಿದೆ. ಓಡಿಸಿದೆ ಅನ್ನುವುದು ಮಾತಿಗೆ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕಾಲಿನಿಂದ ನೂಕಿಕೊಂಡೇ ಹೋದೆ. ವಾಪಸ್ಸು ಬರುವಾಗ ಎರಡೂವರೆ. ಮೂಲೆಯ ಮೋಟಾರ್ ಅಂಗಡಿಗೆ ಬೀಗ ಬಿದ್ದಿತ್ತು. ಕಲಸಿಟ್ಟಿದ್ದ ಸಿಮೆಂಟು ಗಟ್ಟಿಯಾದದ್ದರಿಂದ ಶರಣಪ್ಪ ಅದನ್ನು ಎಸೆದಿದ್ದ. ನೀಲವ್ವ ಸಿಮೆಂಟಿನ ಬಾಂಡಲಿ ತೊಳೆದು ಬೋರಲು ಹಾಕಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಪುಸ್ತಕದ ನಾಲ್ಕನೇ ಚಿತ್ರವನ್ನು ನೋಡಿ ನೋಡಿ ವಯರುಗಳನ್ನು ಜೋಡಿಸಿದೆ. ಬ್ಲೇಡಿನ ಕೆಳಗಿನ, ಟೈಲ್ಸಿನ ಕೆಂಪು ಪುಡಿ ಕೂತಿದ್ದ ತಟ್ಟೆಗೆ ನೀಲವ್ವ ನೀರು ತುಂಬಿದಳು. ಸತೀಶ ಟೀ ಹಿಡಿದು ಕೆಳಗಿಳಿದ. ಸ್ವಿಚ್ ಹಾಕಿದೆ. ಮಷಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು! ನಾನು ಚಪ್ಪಾಳೆ ತಟ್ಟಿದೆ. ಗ್ಲೌಸು ಹಾಕಿದ್ದರಿಂದ ಸದ್ದು ಬರಲಿಲ್ಲ.

ಬ್ಲೇಡು ತಿರುಗುತ್ತಿತ್ತು ನಿಜ. ಉಲ್ಟಾ ತಿರುಗುತ್ತಿತ್ತು! ಹಿಂದಕ್ಕೆ ಹೋಗಬೇಕಾದ ಕೆಂಪು ಕೆಸರು ಕಾರಂಜಿಯಾಗಿ ನಮ್ಮತ್ತ ಎದ್ದಿತು. ಹೆಲ್ಮೆಟ್ಟಿನ ಗಾಜು ಕೆಂಪಾಗಿ ನನಗೆ ಲೋಕವೇ ಕಾಣದಾಯಿತು. ಕಾಣುತ್ತಿದ್ದವರ ಪಾಡು ಇನ್ನೂ ಕೆಟ್ಟದು. ಸತೀಶನ ಟೀ ಲೋಟ ತುಂಬಿತು. ರಾಜಮ್ಮನ ನಾಲ್ಕು ಬಿಳಿ ಬೆಡ್‌ಶೀಟುಗಳಿಗೆ ಉದ್ದುದ್ದ ಪಟ್ಟೆ ಬಿತ್ತು. ಬ್ಲೇಡಿನ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳತೊಡಗಿತು. ನಾವೆಲ್ಲ ಕಿರುಚುತ್ತಿದ್ದೆವು. ನೀಲವ್ವ ಒಬ್ಬಳೇ ಕಿರುಚದೆ, ಒಂದೇ ನೆಗೆತಕ್ಕೆ ಪ್ಲಗ್ ಕಿತ್ತಳು.

“ನಿನ್ನ ಓದಿಗಿಷ್ಟು ಬೆಂಕಿ ಆಕ!” ಎಂದು ರಾಜಮ್ಮ ಬೆಡ್‌ಶೀಟು ಎಳೆದುಕೊಂಡು ಹೋದರು.

ನಾನು ಇಟ್ಟಿಗೆಯ ಮೇಲೆ ಕುಸಿದು ಕುಳಿತೆ. ಪುಸ್ತಕದ ಹನ್ನೊಂದು ಹಂತಗಳೂ ಮುಗಿದಿದ್ದವು. ಹನ್ನೆರಡನೆಯದು ನನಗೆ ಗೊತ್ತಿರಲಿಲ್ಲ. ನೀಲವ್ವ ಹತ್ತು ವರ್ಷ ಕಾದು ಪಡೆದ ಕೆಲಸವನ್ನು ಒಂದೇ ದಿನದಲ್ಲಿ ಹಾಳು ಮಾಡಿದೆನಲ್ಲ ಎಂದು ನಿಜಕ್ಕೂ ಅಳು ಬಂತು.

ನೀಲವ್ವ ಮಾತ್ರ ಮಷಿನ್ ಮುಂದೆ ಕುಕ್ಕರಗಾಲಲ್ಲಿ ಕೂತು, ನಟ್ಟು ಬಿಗಿದು, ಬೆಳಗಿನ ಆ ಕಟ್ಟಿಗೆಯ ಚೂರನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

“ಅಕ್ಕಾರ, ಮುಂಜಾನೆ ಈ ಕಡಿ ತಳ್ಳಿದ್ರ ಈ ಕಡಿ ತಿರಗತಿತ್ತು, ಆ ಕಡಿ ತಳ್ಳಿದ್ರ ಆ ಕಡಿ. ಮೋಟಾರಿಗೆ ಎರಡೂ ಒಂದ ರೀ. ಮೊದಲ ಯಾರು ತಳ್ಳತಾರೋ ಅವರ ಮಾತು ಕೇಳತೈತಿ. ಅಂದ್ರ ಈ ನಿಮ್ಮ ಡಬ್ಬಿ ನನ್ನ ಕಟಗಿ ಇದ್ದಂಗ. ಈಗ ಅದು ಆ ಕಡಿಂದ ತಳ್ಳಾಕತ್ತೈತಿ. ಕರೆಂಟಿನ ವಯರ್ ಡಬ್ಬಿಯ ಈ ಕಾಲಿಂದ ತಗದು ಆ ಕಾಲಿಗೆ ಹಾಕ್ರಿ, ನೋಡೂನು.”

ಇದೇ ವಿಷಯವನ್ನು ನಾನು ಎರಡು ಪುಟ ಬರೆದಿದ್ದೆ. ಬರೆದಿದ್ದೆನೇ ಹೊರತು ಅರ್ಥವಾಗಿರಲಿಲ್ಲ. ಅವಳು ಒಂದು ಕಟ್ಟಿಗೆಯ ಚೂರಿನಲ್ಲಿ ಮುಗಿಸಿದಳು. ಅಷ್ಟು ಬುದ್ಧಿವಂತರನ್ನು ನಮ್ಮ ಆಫೀಸಿನಲ್ಲಿ ನಾನು ಕಂಡಿಲ್ಲ. ನಾಚಿಕೆಯ ನಡುವೆಯೂ ಅವಳ ಕೋಣೆಯ ಮೇಲಿನ ಮಹಡಿಯಲ್ಲೇ ನಾನು ವಾಸವಾಗಿದ್ದೇನೆಂದು ಹೆಮ್ಮೆಯಾಯಿತು.

ವಯರ್ ಬದಲಿಸಿದೆವು. ಮಷಿನ್ ಸರಿಯಾಗಿ ತಿರುಗಿತು. ಅವಳು ಕೊಯ್ದಳು, ಶರಣಪ್ಪ ಹೊತ್ತ, ನಾನು ನೀರು ಹಾಕಿದೆ. ಕತ್ತಲಾಗುವುದರೊಳಗೆ ಕೊನೆಯ ತುಂಡು ಗೋಡೆಗೆ ಅಂಟಿತು.

ಕೈ ತೊಳೆದು ಪ್ರಿಂಟನ್ನು ಮತ್ತೆ ನೋಡಿದೆ. ನಾಲ್ಕನೇ ಚಿತ್ರದಲ್ಲಿ ಮೊದಲು ಎರಡು ವಯರುಗಳು ಒಂದನ್ನೊಂದು ಅಡ್ಡ ದಾಟುತ್ತಿದ್ದದ್ದು ಆಗ ನೆನಪಾಯಿತು. ಅದು ನೋಡಲು ಚಂದವಿಲ್ಲವೆಂದು, ಮೂರನೇ ತಿದ್ದುಪಡಿಯಲ್ಲಿ ನಾನೇ ಅವನ್ನು ನೇರ ಮಾಡಿದ್ದೆ!

ಸೋಮವಾರ ಹೊಸ ಮನೆಯಲ್ಲಿ ಹಾಲು ಉಕ್ಕಿತು. ಬೆಡ್‌ಶೀಟು ಮರೆತ ರಾಜಮ್ಮ ಬಂದವರನ್ನೆಲ್ಲ ಅಡುಗೆಮನೆಗೆ ಎಳೆದೊಯ್ದು ಟೈಲ್ಸಿನ ಮೂಲೆಗಳನ್ನು ತೋರಿಸಿದರು. ಮೊದಲು ನಕ್ಕಿದ್ದ ಅವರ ತಮ್ಮ ಗೋಡೆ ಸವರಿ, ನೀಲವ್ವನತ್ತ ತಿರುಗಿ ಕೇಳಿದ. “ನಮ್ಮನೇದೂ ನೀನೇ ಮಾಡ್ಬುಡವ್ವಾ. ಅದು ದೊಡ್ಡ ಮನೆ. ಎಲ್ಪರ್‌ಗಳು ಇನ್ಯಾರಾದ್ರೂ ಅವ್ರಾ?”

ನೀಲವ್ವ ನನ್ನತ್ತ ಬೆರಳು ಮಾಡಿದಳು. “ಅದಾರಲ್ರಿ, ಈ ಅಕ್ಕಾರು. ನೀರು ಚಲೋ ಹಾಕ್ತಾರ. ವಯರ್ ಅಷ್ಟ ಸದ್ಯಕ್ಕ ಮುಟ್ಟಾಕ ಬಿಡೂದಿಲ್ಲ.”

ಸತೀಶನಿಗೆ ಪಾಯಸ ನೆತ್ತಿಗೇರಿತು.

ಆ ವರ್ಷ ಆಫೀಸಿನ ಅಪ್ರೈಸಲಿನಲ್ಲಿ ನನಗೆ ‘ಯಂತ್ರಜ್ಞಾನ: ಅತ್ಯುತ್ತಮ’ ಎಂದು ಬರೆದುಕೊಟ್ಟರು. ಆದರೆ ನನ್ನನ್ನು ಸರಿಯಾಗಿ ಅಳೆದವಳು ನೀಲವ್ವ ಒಬ್ಬಳೇ. ಅದೂ ಟೇಪು ಹಿಡಿಯದೆ!