ಮಗಳನ್ನು ಕಾರು ಹತ್ತಿಸಿದ ಬೀಟ್ ಸಾಹಿತಿಗಳಿಗೆ ಒಂದು ದೂರು

ಬೀಟ್ ಪೀಳಿಗೆಯ ಸಮಸ್ತ ದಿವಂಗತ ಸಾಹಿತಿಗಳಿಗೆ,
ತಾವು ಈಗ ಯಾವ ಹೆದ್ದಾರಿಯಲ್ಲಿದ್ದೀರೋ ಆ ವಿಳಾಸಕ್ಕೆ.

ಮಾನ್ಯರೇ,

ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಿಂದ, ಬಾಗಿಲ ಬೋಲ್ಟನ್ನು ಎರಡು ಸಲ ಎಳೆದು ನೋಡಿ, ಒಲೆ ಆರಿಸಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಎದ್ದು ಹೋಗಿ ಬಂದು, ಅಂತೂ ಇಂತೂ ಕೂತು ಬರೆಯುತ್ತಿರುವ ಅಖ್ತರಿಯ ಗೌರವಪೂರ್ವಕ ಸಲಾಮುಗಳು. ಎರಡನೇ ಮಹಾಯುದ್ಧ ಮುಗಿದು ಅಮೆರಿಕದ ಜನ ಕಂತಿನ ಮನೆ, ಇಸ್ತ್ರಿ ಪ್ಯಾಂಟು, ಖಾಯಂ ನೌಕರಿ ಎಂದು ನೆಮ್ಮದಿಯಾಗಿ ಕೂರುವ ಹೊತ್ತಿಗೆ, ತಾವು ಮಾತ್ರ ಅದೆಲ್ಲ ಬೇಡವೆಂದು ಕಾರು ಹತ್ತಿ, ಜಾಜ್ ಕೇಳುತ್ತಾ ದೇಶವನ್ನು ಅಡ್ಡಡ್ಡ ದಾಟಿ, ಆ ಅಲೆದಾಟವನ್ನೇ ಸಾಹಿತ್ಯ ಮಾಡಿದಿರೆಂದು ಕೇಳಿ ಸಂತೋಷವಾಯಿತು. ತಮ್ಮಲ್ಲೊಬ್ಬರು ಇಲ್ಲೇ ಪ್ಯಾಟರ್ಸನ್‌ನಲ್ಲಿ ಬೆಳೆದವರಂತೆ. ಆ ನೆರೆಹೊರೆಯ ಸಲುಗೆಯಿಂದಲೇ ಈ ದೂರು.

ನನ್ನ ಮಗಳು ಅಕ್ಸಾ ಫಾರ್ಮಸಿ ಓದುತ್ತಾಳೆ. ಓದುತ್ತಿದ್ದಳು ಅನ್ನಬೇಕೋ ಏನೋ, ನನ್ನ ಸಂಕಟವೇ ಅದು. ಮಾತ್ರೆ-ಟಾನಿಕ್ಕಿನ ನಡುವೆ ಒಂದು ಹಗುರದ ಕ್ಲಾಸಿರಲಿ ಎಂದು ಅವಳು ತಮ್ಮ ಸಾಹಿತ್ಯದ ಕೋರ್ಸ್ ತಗೊಂಡಳು. ಮೊದಲು ಹೊಳೆದದ್ದೇ ಶ್ರೇಷ್ಠ, ಬರೆದದ್ದನ್ನು ತಿದ್ದಬಾರದು ಎಂದು ತಮ್ಮಲ್ಲಿ ಕೆಲವರು ಹೇಳುತ್ತಿದ್ದರಂತೆ. ನಾನು ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ಸ್ಕೂಲು ಬಿಟ್ಟವಳು. ಈ ಸಿದ್ಧಾಂತವನ್ನು ಮೈಸೂರಿನ ನಮ್ಮ ಕನ್ನಡ ಮೇಷ್ಟ್ರಿಗೆ ಯಾರಾದರೂ ಮೊದಲೇ ತಿಳಿಸಿದ್ದರೆ ನನ್ನ ಅಂಗೈಗೆ ಎಷ್ಟೋ ಉಪಕಾರವಾಗುತ್ತಿತ್ತು.

ತಮ್ಮ ಪ್ರಭಾವ ಮಗಳೊಬ್ಬಳಿಗೇ ನಿಲ್ಲಲಿಲ್ಲ. ದಿನಾ ಪಕ್ಕದ ಊರು ಮೆಟುಚೆನ್‌ನಿಂದ ನ್ಯೂಯಾರ್ಕಿಗೆ ಟ್ರೈನಿನಲ್ಲಿ ಕಮ್ಯೂಟ್ ಮಾಡುವ ನಮ್ಮ ಮನೆಯವರು, ರಹಮತ್ ಉಲ್ಲಾ ಅವರು, ಒಂದು ಸಂಜೆ ವಾಪಸ್ ಬರುವಾಗ ಅವಳ ಪುಸ್ತಕ ತಗೊಂಡು ಓದುತ್ತಾ ಕೂತು, ಇಳಿಯುವ ಸ್ಟೇಷನ್ ದಾಟಿ ಕೊನೇ ಸ್ಟೇಷನ್ ಟ್ರೆಂಟನ್ ಮುಟ್ಟಿ, ಅಲ್ಲಿಂದ ಫೋನ್ ಮಾಡಿ "ಪ್ರಯಾಣ ಮುಖ್ಯ ಕಣೇ, ಊರಲ್ಲ" ಎಂದರು. ನನ್ನನ್ನೂ ಮಗಳು ಒಂದು ಕಾಫಿ ಅಂಗಡಿಯ ಕವಿತಾ ವಾಚನಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕವಿತೆ ಮುಗಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಚಿಟಿಕೆ ಹೊಡೆದರು. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಆಕಳಿಸುವಾಗ ಬಾಯಿಯ ಮುಂದೆ ಹಾಗೆ ಚಿಟಿಕೆ ಹೊಡೆಯುತ್ತಿದ್ದರು. ಪಾಪ, ಎಲ್ಲರಿಗೂ ನಿದ್ದೆ ಬಂದಿದೆ ಎಂದುಕೊಂಡು ನಾನು ಕವಿಯ ಹತ್ತಿರ ಹೋಗಿ, ಬೇಜಾರು ಮಾಡ್ಕೋಬೇಡಪ್ಪಾ ಎಂದು ಸಮಾಧಾನ ಹೇಳಿ ಬಂದೆ. ಅದು ತಮ್ಮ ಕಾಲದಿಂದ ಬಂದ ಮೆಚ್ಚುಗೆಯ ಪದ್ಧತಿಯಂತೆ. ಕಾರಿನಲ್ಲಿ ಕೂತ ಮೇಲೆ ಮಗಳು ಹೇಳಿದಳು.

ಇಷ್ಟನ್ನು ನಾನು ಸಹಿಸಿಕೊಂಡೇನು. ಆದರೆ ಪರೀಕ್ಷೆ ಮುಗಿದ ಮರುದಿನ ಅಕ್ಸಾ, ಗೆಳತಿ ರಿಯಾಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಡ್ರೈವ್ ಮಾಡುತ್ತೇನೆಂದೂ, ಫಾರ್ಮಸಿಗೆ ವಾಪಸ್ ಹೋಗುವುದೋ ಬಿಡುವುದೋ ಆ ತುದಿ ಮುಟ್ಟಿದ ಮೇಲೆ ತೀರ್ಮಾನಿಸುತ್ತೇನೆಂದೂ ಹೇಳಿದಳು. ನಾನು ಜಾರ್ಜ್ ವಾಷಿಂಗ್ಟನ್ ಬ್ರಿಡ್ಜ್ ದಾಟುವಾಗ ಕಣ್ಣು ಮುಚ್ಚಿಕೊಂಡು ಕೂರುವವಳು. ಬೇಡ ಅನ್ನಲು ಬಾಯಿ ತೆರೆದೆ. ನಮ್ಮ ಮನೆಯವರು, ಅದೇ ಟ್ರೆಂಟನ್ ಯಾತ್ರಿಕರು, "ಹೋಗ್ಲಿ ಬಿಡು" ಎಂದುಬಿಟ್ಟರು.

ಸರಿ, ಹೋಗಲಿ. ಆದರೆ ಪರ ಊರಿಗೆ ಹೊರಟವರಿಗೆ ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ವಿಚಾರಿಸದೆ ನಮ್ಮಲ್ಲಿ ಯಾರೂ ಕಳಿಸುವುದಿಲ್ಲ. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಹುಡುಕಿ, ಮೈಸೂರಿನ ನಮ್ಮ ಬೀದಿಯವಳೇ ಆದ, ಈಗ ಕ್ಲೀವ್‌ಲ್ಯಾಂಡಿನಲ್ಲಿರುವ ತಾರಿಣಿಗೆ ಗುಟ್ಟಾಗಿ ಫೋನ್ ಮಾಡಿದೆ. ಅಕ್ಸಾಳ ಕಾರು ಎಲ್ಲಿದೆಯೆಂದು ನನ್ನ ಫೋನಿನಲ್ಲಿ ಕಾಣುತ್ತಿತ್ತಲ್ಲ, ಅದನ್ನು ನೋಡಿ ನೋಡಿ ಹೇಳಿದೆ. ಆ ಮಹಾತಾಯಿ ಹೆದ್ದಾರಿಯ ಪಕ್ಕದ ರೆಸ್ಟ್ ಏರಿಯಾದಲ್ಲಿ ವಾಂಗೀಬಾತಿನ ಡಬ್ಬಿ ಹಿಡಿದು ಕಾದಿದ್ದು, ನನ್ನ ಮಗಳಿಗೆ ಅಕಸ್ಮಾತ್ತಾಗಿ ಸಿಕ್ಕಳು. ಅಕ್ಸಾ ನನಗೆ ಮೆಸೇಜ್ ಹಾಕಿದಳು: "ಅಮ್ಮಿ, ದಿ ರೋಡ್ ಪ್ರೊವೈಡ್ಸ್!" ರಸ್ತೆ ತಾನಾಗಿಯೇ ಎಲ್ಲ ಒದಗಿಸುತ್ತದಂತೆ! ಮಾನ್ಯರೇ, ರಸ್ತೆ ಬದನೆಕಾಯಿ ಹೆಚ್ಚುವುದಿಲ್ಲ. ತಮ್ಮ ದಾರಿಗಳಲ್ಲೂ ಹಿಂದಿನಿಂದ ಯಾರೋ ಫೋನ್ ಮಾಡಿದ್ದಿರಬಹುದೆಂಬ ಗುಮಾನಿ ನನಗೆ ಅವತ್ತೇ ಶುರುವಾಯಿತು.

ಆದಕಾರಣ ತಾವೆಲ್ಲರೂ ದಯಮಾಡಿ ಒಮ್ಮೆ ಎದ್ದು ಬಂದು, ತಮ್ಮ ಪುಸ್ತಕಗಳಲ್ಲಿ ಕಾರು ಹೊರಡುವ ಪ್ರತಿ ಪುಟದಲ್ಲೂ ಸೀಟ್ ಬೆಲ್ಟ್ ಹಾಕಿಸಿ, ಪ್ರತಿ ಅಧ್ಯಾಯಕ್ಕೊಮ್ಮೆ ಟೈರಿಗೆ ಗಾಳಿ ಹಿಡಿಸಿ, ಕತ್ತಲಾಗುವ ಮೊದಲು ಎಲ್ಲ ಪಾತ್ರಗಳನ್ನೂ ಯಾವುದಾದರೂ ಪರಿಚಯದವರ ಮನೆಗೆ ಸೇರಿಸಿ, ಹೊಸ ಆವೃತ್ತಿ ತರಬೇಕೆಂದು ವಿನಂತಿ. ತಿದ್ದುವುದಿಲ್ಲ ಎಂಬ ತಮ್ಮ ನಿಯಮ ನನಗೆ ಗೊತ್ತಿದೆ. ಒಬ್ಬ ತಾಯಿಗಾಗಿ ಒಂದು ಸಲ ಮುರಿಯಿರಿ.

ಹೀಗೇ ದಾರಿಯುದ್ದಕ್ಕೂ ಊರಿಗೊಬ್ಬ ಆಂಟಿಯನ್ನು ನಿಲ್ಲಿಸುತ್ತಾ ಬಂದ ನನ್ನ ವ್ಯವಸ್ಥೆ ಓಮಹಾದಲ್ಲಿ ಕುಸಿಯಿತು. ಅಲ್ಲಿಯ ಧಾರವಾಡದ ಚನ್ನಮ್ಮ ಒಳ್ಳೆಯವರು, ಆದರೆ ನಟನೆ ಬಾರದು. ಮೋಟೆಲಿನ ಬಾಗಿಲಿಗೇ ರೊಟ್ಟಿ-ಪಲ್ಯ ತಂದು, "ಖಾರ ಕಡಿಮಿ ಹಾಕೀನವಾ, ನಿಮ್ಮವ್ವ ಫೋನಿನ್ಯಾಗ ಮೂರು ಸಲ ಹೇಳ್ಯಾರ" ಎಂದುಬಿಟ್ಟರು. ಐದೇ ನಿಮಿಷದಲ್ಲಿ ನನ್ನ ಫೋನು ಬಡಿದುಕೊಂಡಿತು. "ಅಮ್ಮಿ, ಅರ್ಧ ದೇಶ ಡ್ರೈವ್ ಮಾಡಿದೀನಿ, ಎವ್ರಿ ಡೋರ್ ಹ್ಯಾಸ್ ಆ್ಯನ್ ಆಂಟಿ ಬಿಹೈಂಡ್ ಇಟ್! ಇದು ರೋಡ್ ಟ್ರಿಪ್ಪಾ, ದಾವತ್ತಾ?" ಎಂದು ಅವಳು ಅಳುವುದೋ ಬೈಯುವುದೋ ತಿಳಿಯಲಿಲ್ಲ. ಇನ್ನು ಯಾರಿಗೂ ಫೋನ್ ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಲೊಕೇಶನ್ ಆಫ್ ಮಾಡಿದಳು. ನನ್ನ ಫೋನಿನಲ್ಲಿ ಓಡುತ್ತಿದ್ದ ಆ ನೀಲಿ ಚುಕ್ಕೆ ಆರಿಹೋಯಿತು.

ಮಾತು ಉಳಿಸಿಕೊಂಡೆ, ಮಾನ್ಯರೇ. ಮುಂದಿನ ಊಟಕ್ಕೆಂದು ಬಳಗದ ಗ್ರೂಪಿನಲ್ಲಿ ಹುಡುಕಿಟ್ಟಿದ್ದ ಸಾಲ್ಟ್ ಲೇಕ್ ಸಿಟಿಯ ಸಮೀರ್‌ಗೆ ರಿಂಗ್ ಮಾಡಿ, ಎತ್ತುವ ಮೊದಲೇ ಕತ್ತರಿಸಿದೆ. ಆ ಪುಣ್ಯಾತ್ಮ ವಾಪಸ್ ಮಾಡಿ "ಏನು ಆಂಟಿ?" ಎಂದಾಗ, ಅಲ್ಲಿ ಬಿಸಿಲು ಹೇಗಿದೆ ಎಂದಷ್ಟೇ ಕೇಳಿ ಇಟ್ಟೆ. ಆಮೇಲೆ ಮಗಳು ಎಲ್ಲಿರಬಹುದೆಂದು ತಿಳಿಯಲು ಅವಳು ಬಿಟ್ಟುಹೋದ ತಮ್ಮ ಪುಸ್ತಕ ಹಿಡಿದು, ತಡವರಿಸುತ್ತಾ ಓದಿದೆ. ರಸ್ತೆಗಳ ವರ್ಣನೆ ಬಹಳ ಚೆನ್ನಾಗಿದೆ. ನಾನೇ ಒಂದೆರಡು ಕಡೆ ಟ್ರೆಂಟನ್‌ವರೆಗೆ ಹೋಗಿಬಂದೆ. ಆದರೆ ಊರು ತಲುಪಿದವರು ಮನೆಗೆ "ಮುಟ್ಟಿದ್ವಿ" ಅಂತ ಹೇಳುವ ಪುಟ ಎಲ್ಲಿದೆ? ನಾನು ಓದಿದಷ್ಟರಲ್ಲಿ ಸಿಗಲಿಲ್ಲ. ತಾವು ಅಷ್ಟೆಲ್ಲ ಸುತ್ತುವಾಗ ಕಿಟಕಿಯ ಹತ್ತಿರ ಕೂತಿದ್ದ ಹೆಂಗಸರು ಏನು ಮಾಡಿದರು, ಊಟ ಮಾಡಿದರೋ ಇಲ್ಲವೋ, ಅದನ್ನೂ ಯಾರಾದರೂ ಬರೆದಿದ್ದರೆ ನನಗೀಗ ಜೊತೆಯಾಗುತ್ತಿತ್ತು.

ನಿನ್ನೆ ಮಧ್ಯಾಹ್ನ ಫೋನ್ ಬಂತು. "ಅಮ್ಮಿ, ಮುಟ್ಟಿದೆ." ಹಿಂದೆ ಸಮುದ್ರದ ಗಾಳಿ ಕೇಳುತ್ತಿತ್ತು. ರಿಯಾಗೆ ಕೆಲಸ ಶುರುವಾಗುತ್ತದಂತೆ, ಫ್ಲೈಟಿನಲ್ಲಿ ವಾಪಸ್ ಬರುತ್ತಾಳಂತೆ. "ನೀನು ಬಾ. ಅಬ್ಬಾ ಬೇಡ, ನೀನೊಬ್ಬಳೇ. ಇಬ್ರೂ ಡ್ರೈವ್ ಮಾಡ್ಕೊಂಡು ಬರೋಣ. ನೋ ಆಂಟೀಸ್." ಮತ್ತೆ ಫಾರ್ಮಸಿ, ಎಂದೆ. "ಗೊತ್ತಿಲ್ಲ ಅಮ್ಮಿ, ದಾರೀಲಿ ಮಾತಾಡೋಣ. ನೀನು ಯಾಕೆ ಸ್ಕೂಲ್ ಬಿಟ್ಟೆ ಅಂತ ಯಾವತ್ತೂ ಹೇಳೇ ಇಲ್ಲ. ಫಸ್ಟ್ ಅದು ಹೇಳು, ಆಮೇಲೆ ನಾನು ಡಿಸೈಡ್ ಮಾಡ್ತೀನಿ."

ಹಾಗಾಗಿ, ಮಾನ್ಯರೇ, ತಮ್ಮ ಮೇಲಿನ ದೂರನ್ನು ವಾಪಸ್ ತಗೊಳ್ಳದೆ, ಆದರೆ ತಾತ್ಕಾಲಿಕವಾಗಿ ಬದಿಗಿಟ್ಟು, ನಾಳಿದ್ದು ನೂವರ್ಕ್‌ನಿಂದ ವಿಮಾನ ಹತ್ತಿ ಹೊರಡುತ್ತಿದ್ದೇನೆ. ಅವಳಿಗೆ ಹೇಳಬೇಕಾದದ್ದು ನೆವಾಡ ದಾಟುವಷ್ಟರಲ್ಲಿ ಮುಗಿದೀತೆಂದು ನನಗನ್ನಿಸುವುದಿಲ್ಲ. ಈ ದೇಶ ಇಷ್ಟು ಅಗಲವಿರುವುದಕ್ಕೆ ಮೊದಲ ಬಾರಿಗೆ ಸಮಾಧಾನವಾಗಿದೆ.

ತಮ್ಮನ್ನು ಎಳ್ಳಷ್ಟೂ ನಂಬದಿದ್ದರೂ
ತಮ್ಮ ವಿಶ್ವಾಸಿ,
ಅಖ್ತರಿ

ಮರೆತ ಮಾತು: ತಮ್ಮಲ್ಲೊಬ್ಬರು ಕವಿತೆಯೆಂದು ಕಿರುಚಿದ್ದನ್ನು ಜಗತ್ತು ಮಹಾಕಾವ್ಯವೆಂದು ಅಚ್ಚುಹಾಕಿ, ಈಗಲೂ ಕಾಲೇಜಿನಲ್ಲಿ ಪಾಠ ಮಾಡುತ್ತಿದೆ. ಬೆಟ್ಟದ ತಿರುವುಗಳಲ್ಲಿ ನನ್ನ ಮಗಳು ಸ್ಪೀಡ್ ಲಿಮಿಟ್ ದಾಟಿದರೆ ನಾನೂ ಪಕ್ಕದ ಸೀಟಿನಿಂದ ಕಿರುಚುವವಳಿದ್ದೇನೆ, ಅದೂ ಒಂದಕ್ಷರ ತಿದ್ದದೆ. ತಾವು ಚಿಟಿಕೆ ಹೊಡೆಯುವುದು ಬೇಡ, ಅವಳ ಕೈಲಿ ಬ್ರೇಕ್ ಹಾಕಿಸಿದರೆ ಸಾಕು.