ಮೂರನೆಯ ಅರ್ಥ

ಬೆಳಿಗ್ಗೆ ಅಂಗಡಿ ತೆರೆದಾಗ ದರ್ಜಿಗೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿತು. ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದು. ಹೊಲಿಗೆ ಯಂತ್ರದ ಸದ್ದಿಗೆ ತಮ್ಮ ಕೈ ನಡುಗುತ್ತದೆಂದು ಅವರು ಹಿಂದಿನ ದಿನವಷ್ಟೇ ಕೆಳಗಿಳಿದು ಬಂದು ರೇಗಿ ಹೋಗಿದ್ದರು. ದರ್ಜಿಯ ಇಂಗ್ಲಿಷು ಕಾಲರಿನ ನಂಬರು ದಾಟಿ ಮುಂದೆ ಹೋದದ್ದೇ ಇಲ್ಲ. ಚೀಟಿ ಹಿಡಿದು ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಬಳಿಗೆ ಓಡಿದ.

ಮೇಷ್ಟ್ರಿಗೆ ಶಿಷ್ಯರಿಲ್ಲದೆ ಆರು ವರ್ಷವಾಗಿತ್ತು. ‘ಸಂಜೆ ಸೂಟ್ ಬರುತ್ತದೆ’ ಎಂದು ಬರೆದಿದೆ ಎಂದರು, ಅಷ್ಟಕ್ಕೇ ಬಿಡಲಿಲ್ಲ. ಆ ಪದದ ಬೇರು ‘ಹಿಂಬಾಲಿಸು’ ಎಂಬುದಂತೆ. ಕೋಟನ್ನು ಪ್ಯಾಂಟು ಹಿಂಬಾಲಿಸಿದರೆ ಸೂಟು. ಮದುವೆಯಾಗೆಂದು ಹುಡುಗಿಯನ್ನು ಹಿಂಬಾಲಿಸಿದರೂ ಸೂಟು. ಒಬ್ಬನನ್ನು ಕೋರ್ಟಿನವರೆಗೆ ಹಿಂಬಾಲಿಸಿದರೆ ಅದೂ ಸೂಟೇ, ಅಂದರೆ ದಾವೆ.

“ನಾನು ಬಟ್ಟೆ ಹೊಲಿಯೋನು ಸಾರ್. ಮೊದಲನೇದೇ ಇರಬಹುದಲ್ಲ?”

“ಜಗಳ ಆಡಿದ ಮಾರನೇ ದಿನ ಯಾರಪ್ಪಾ ಬಟ್ಟೆ ಹೊಲಿಸ್ತಾರೆ? ನಿಂದು ಮೂರನೇದು.”

ದರ್ಜಿಯ ಹೆಂಡತಿ ಮಾತ್ರ ಎರಡನೆಯ ಅರ್ಥಕ್ಕೆ ಜೋತುಬಿದ್ದಳು. ಡಾಕ್ಟರಿಗಿನ್ನೂ ಮದುವೆಯಾಗಿಲ್ಲ, ಮನೆಯಲ್ಲಿ ತನ್ನ ತಂಗಿಯಿದ್ದಾಳೆ. ಆದರೆ ತಂಗಿ, ನೋವಿದ್ದ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತವನ ಮುಖವನ್ನೂ ನೋಡಲಾರೆ ಎಂದುಬಿಟ್ಟಳು.

ದರ್ಜಿ ಗಾಬರಿಯಲ್ಲಿ ಯಾರದೋ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹಚ್ಚಿದ. ಎದುರಿನ ಔಷಧಿ ಅಂಗಡಿಯವನು ಬಂದು, ಮೊದಲು ಏಟು ಕೊಟ್ಟವನದೇ ಗೆಲುವು ಎಂದು ಕಿವಿಯೂದಿದ. ಮಧ್ಯಾಹ್ನ ದರ್ಜಿ ತನ್ನ ಗಿರಾಕಿಯಾದ ಲಾಯರನ್ನು ಹಿಡಿದು, ಹಲ್ಲು ಕೊರೆಯುವ ಸದ್ದಿಗೆ ಬೆಚ್ಚಿ ಬೆರಳಿಗೆ ಸೂಜಿ ಚುಚ್ಚಿಕೊಂಡೆನೆಂದು ನೋಟಿಸು ಬರೆಸಿದ. ಮೆಟ್ಟಿಲು ಹತ್ತಿ ನರ್ಸಿನ ಕೈಗೆ ತಾನೇ ಕೊಟ್ಟು ಬಂದ.

ಸಂಜೆ ಡಾಕ್ಟರು ಇಳಿದು ಬಂದರು. ಒಂದು ಕೈಯಲ್ಲಿ ಬೂದುಬಣ್ಣದ ಬಟ್ಟೆಯ ಗಂಟು, ಇನ್ನೊಂದರಲ್ಲಿ ನೋಟಿಸು. ರೇಗಿದ್ದಕ್ಕೆ ರಾತ್ರಿಯೆಲ್ಲ ಬೇಜಾರಾಗಿತ್ತಂತೆ. ಒಂದು ಸೂಟು ಹೊಲಿಸಿ ರಾಜಿಯಾಗೋಣವೆಂದು ಚೀಟಿ ಬರೆದಿದ್ದರಂತೆ.

ದರ್ಜಿ ಕೈ ಮುಗಿದ. ದಮ್ಮಯ್ಯ, ನೋಟಿಸನ್ನು ಹರಿದು ಹಾಕಿ ಎಂದು ಅಂಗಲಾಚಿದ.

“ನಾನೂ ಲಾಯರನ್ನ ಗೊತ್ತು ಮಾಡ್ಕೊಂಡೇ ಬಂದೆ,” ಎಂದರು ಡಾಕ್ಟರು ತಣ್ಣಗೆ. ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. “ಅಳತೆ ತಗೊಳ್ಳಿ. ಸೋಮವಾರದೊಳಗೆ ಬೇಕು. ನಿಮ್ಮ ಮೇಲೆ ಕೇಸು ಹಾಕೋಕೆ ಹಳೇ ಶರಟಲ್ಲಿ ಹೋದ್ರೆ ಚೆನ್ನಾಗಿರಲ್ಲ.”

ದರ್ಜಿ ಕೊರಳಲ್ಲಿದ್ದ ಟೇಪು ತೆಗೆದ. ಡಾಕ್ಟರು ಎರಡೂ ಕೈ ಅಗಲಿಸಿ ನಿಂತುಕೊಂಡರು.