ನಮ್ಮನಿ ಬಾರ್ಡರ್ ಕೋಲಿ

ನಮ್ಮ ಮನೆಯಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿಯಾಗಿ ಮುಟ್ಟಿದ್ದು ನನಗೆ ನೆನಪಿಲ್ಲ. ಒಂದು ಗೊಂದಲ ತಿಳಿಯಾಗುವಷ್ಟರಲ್ಲಿ ಮತ್ತೊಂದು ಬಂದು ಕೂತಿರುತ್ತದೆ. ಕೆಲಗೇರಿಯ ನಮ್ಮ ಮನೆಗೆ ನಾಯಿ ಬಂದ ಮೇಲಂತೂ ಗೊಂದಲಕ್ಕೇ ನಾಲ್ಕು ಕಾಲು ಮೂಡಿದವು.

ಒಬ್ಬನ ಬರತಾನ

ನನ್ನ ಹೆಂಡತಿಯ ತಮ್ಮ ಪುಣೆಯಲ್ಲಿದ್ದಾನೆ. ಅವನ ಹೊಸ ಫ್ಲ್ಯಾಟಿನಲ್ಲಿ ನಾಯಿ ಸಾಕುವಂತಿರಲಿಲ್ಲ. "ಮಾಮಾ, ನನ್ನ ಬಾರ್ಡರ್ ಕೋಲಿ ನೀವ ಇಟ್ಕೋರಿ" ಎಂದು ಫೋನ್ ಮಾಡಿದ. ಬಾರ್ಡರ್ ಕೋಲಿ ಎಂಬುದು ಆ ನಾಯಿಯ ತಳಿ. ನಾನು ಒಪ್ಪಿಕೊಂಡು, "ಬಾರ್ಡರ್ ಕೋಲಿನ? ಬರಲಿ ಬಿಡು, ಜಾಗಾ ಐತಿ" ಎಂದೆ.

ಅಡುಗೆಮನೆಯಲ್ಲಿದ್ದ ಅವ್ವನಿಗೆ ಅದು "ಬಾಡಿಗಿ ಖೋಲಿ" ಎಂದು ಕೇಳಿಸಿತು. ಮಾಳಿಗೆಯ ಖಾಲಿ ಕೋಣೆಗೆ ಬಾಡಿಗೆದಾರ ಸಿಕ್ಕ ಎಂದುಕೊಂಡು ಗುಡಿಸಿ ಒರೆಸಿದಳು. ನಾಯಿಯ ಮೇಲೆ ಇಷ್ಟು ಅಕ್ಕರೆಯೇ ಎಂದು ನನ್ನ ಮನಸ್ಸು ತುಂಬಿ ಬಂತು.

"ಒಬ್ಬನ ಬರತಾನೋ, ಸಂಸಾರ ಐತೋ?" ಎಂದಳು.

"ಒಬ್ಬನ."

"ಮಾಂಸಾ ಗೀಂಸಾ ತಿಂತಾನೇನು?"

"ರೂಢಿ ಮಾಡಿದ್ರ ರೊಟ್ಟಿನೂ ತಿಂತಾನಂತ."

"ಮನಿತನ ಹೆಂಗ?"

"ಹಿಂದಿನಿಂದನೂ ಕುರಿ ಕಾಯೋ ಮನಿತನ. ಬಾಳ ಶಾಣ್ಯಾ ಅದಾನ."

"ಪಾಪ, ಕಷ್ಟಪಟ್ಟು ಮ್ಯಾಲೆ ಬಂದಾನ" ಎಂದಳು ಅವ್ವ.

ಮೈದುನನ ಕಾರು ಬಂದ ದಿನ ಅವ್ವ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಿಗೆ ಬಂದಳು. ಕಪ್ಪು ಮೈ, ಬಿಳಿ ಕೊರಳಿನ ನಾಯಿ ಕೆಳಗಿಳಿಯಿತು. ಅವ್ವ ಅದರ ಹಿಂದೆ ಇಣುಕಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದಳು. "ನಾಯಿ ತರತೇನಿ ಅಂತ ಆ ಬಾಡಿಗ್ಯಾಂವ ಮೊದಲ ಹೇಳಬೇಕಿತ್ತು ನೋಡು."

ಯಾವ ಬಾರ್ಡರು

ಆ ಗೊಂದಲ ಬಗೆಹರಿದ ಮೇಲೆ ಅವ್ವನಿಗೆ ನಾಯಿಯ ಊರು ತಿಳಿಯಬೇಕಾಯಿತು. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಿನ ಗಡಿಯ ಗುಡ್ಡಗಾಡಿನಲ್ಲಿ ಕುರಿ ಕಾಯಲೆಂದೇ ಬೆಳೆಸಿದ ತಳಿ ಇದು, ಅದಕ್ಕೇ ಬಾರ್ಡರ್ ಎನ್ನುತ್ತಾರೆ ಎಂದು ವಿವರಿಸಿದೆ. ಪಕ್ಕದಲ್ಲಿ ಗ್ಯಾರೇಜ್ ಇಟ್ಟಿರುವ ಕಾಕಾ ಒಪ್ಪಲಿಲ್ಲ.

"ಪುಣಾದಿಂದ ಬಂದೈತಿ ಅಂತೀರಿ. ಹಂಗಾದ್ರ ನಿಪ್ಪಾಣಿ ಆಚಿಕಿನ ಬಾರ್ಡರ್ ಇರಬೇಕ್ರಿ. ಮರಾಠಿ ಹಚ್ಚಿ ನೋಡ್ರಿ."

ಕಾಕಾ ಬಗ್ಗಿ "ಬಸ್" ಎಂದ. ಮರಾಠಿಯಲ್ಲಿ ಹಾಗೆಂದರೆ ಕುಳಿತುಕೋ ಎಂದರ್ಥ. ನಾಯಿ ತಟ್ಟನೆ ಕೂತಿತು. ನಾನು ಹೇಳಿದ ಇಂಗ್ಲೆಂಡನ್ನು ಆಮೇಲೆ ಯಾರೂ ನಂಬಲಿಲ್ಲ.

ಮರುದಿನ ದುರ್ಗದಬೈಲಿನ ನನ್ನ ಸೀರೆ ಅಂಗಡಿಗೆ ಹೊರಟಾಗ ಅವ್ವ ನಾಯಿ ಹಿಡಿದುಕೊಂಡು ಸ್ಟಾಪಿನ ತನಕ ಬಂದಳು. ಅದು ನನ್ನ ಸುತ್ತ ತಿರುಗಿ ತಿರುಗಿ ಹಗ್ಗ ನನ್ನ ಕಾಲಿಗೆ ಸುತ್ತಿಕೊಂಡಿತ್ತು. ಅಷ್ಟರಲ್ಲಿ ಯಾರೋ "ಬಸ್ ಬಂತು" ಎಂದರು. ನಾಯಿ ಹಗ್ಗದ ಮೇಲೆ ಕೂತುಬಿಟ್ಟಿತು. ನಾನು ಬಿಡಿಸಿಕೊಳ್ಳಲು ಒದ್ದಾಡುತ್ತಿರುವಾಗಲೇ ಬಸ್ಸು ಮುಂದೆ ಹೋಯಿತು. ನಾಯಿ ಇನ್ನೇನು ಏಳಬೇಕು, ಪಕ್ಕದವರು ಮರುಗಿ ಹೇಳಿದರು, "ಬಸ್ ಹೋತಲ್ರೀ."

ನಾಯಿ ಮತ್ತೆ ಕೂತಿತು.

ಉಪಚಾರ

ಶ್ರಾವಣ ಸೋಮವಾರ ಹೆಂಡತಿ ಓಣಿಯ ಹೆಣ್ಣುಮಕ್ಕಳನ್ನು ಉಡಿ ತುಂಬಲು ಕರೆದಿದ್ದಳು. ಉಡಿ ತುಂಬಿಸಿಕೊಂಡವರು ಎದ್ದು ಹೊರಟರೆ ನಾಯಿ ಅಡ್ಡ ಬರುತ್ತಿತ್ತು. ಬೊಗಳಲಿಲ್ಲ, ಕಚ್ಚಲಿಲ್ಲ. ತಲೆ ತಗ್ಗಿಸಿ, ಕಣ್ಣು ಕೀಳದೆ ನೋಡುತ್ತ ಒಬ್ಬೊಬ್ಬರನ್ನೇ ಪಡಸಾಲೆಗೆ ತಿರುಗಿಸುತ್ತಿತ್ತು. ಚದುರಿದ್ದನ್ನು ಗುಂಪು ಮಾಡುವುದು ಅದರ ಹುಟ್ಟುಗುಣ. ಬಂದವರಿಗೆ ಅದೇನು ಗೊತ್ತು? ಮತ್ತೆ ಕೂತರು, ಮತ್ತೆ ಚಹಾ ಕುಡಿದರು. ಕೊನೆಗೆ ನಮಗೆಂದು ತೆಗೆದಿಟ್ಟ ಹೋಳಿಗೆಯೂ ಮುಗಿಯಿತು.

"ಅವರ ಮನ್ಯಾಗ ನಾಯಿ ಸುದ್ದಾ ಹಂಗ ಹೋಗಗೊಡಂಗಿಲ್ರಿ" ಎಂದು ಓಣಿಯ ತುಂಬ ಹೆಸರಾಯಿತು. ಹೆಂಡತಿ ಮಾತ್ರ ಖಾಲಿ ಬುಟ್ಟಿ ತೋರಿಸಿ, "ಇದನ್ನ ಕುರಿ ಇದ್ದವರಿಗೆ ಕೊಡ್ರಿ, ಇಲ್ಲಾ ಇನ್ನ ಮುಂದ ಅಡಿಗಿ ನೀವ ಮಾಡ್ರಿ" ಎಂದಳು.

ಸುಳ್ಳದ ಕುರಿಗಳು

ಸುಳ್ಳ ಎಂಬ ಹಳ್ಳಿಯಲ್ಲಿ ಪರಿಚಯದ ಕುರಿಗಾರನೊಬ್ಬ ನಾಯಿ ಇಟ್ಟುಕೊಳ್ಳಲು ಒಪ್ಪಿದ. ಕಾಕಾನ ಗಾಡಿಯಲ್ಲಿ ಹೋದೆವು. ನಾಯಿಯನ್ನು ಕೊಡಿ ಎಂದ ಹೆಂಡತಿಯೇ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಕುರಿಗಾರ ಮುಳ್ಳುಬೇಲಿಯ ದೊಡ್ಡಿ ತೆರೆದು ತೋರಿಸಿದ. ನಾಯಿ ಕುರಿಗಳನ್ನು ನೋಡಿತು, ಕುರಿಗಳು ನಾಯಿಯನ್ನು ನೋಡಿದವು. ನಾಯಿ ಅವ್ವನ ಸೀರೆಯ ಹಿಂದೆ ಅಡಗಿತು.

"ಕುರಿ ಕಂಡಿಲ್ಲೇನ್ರಿ ಇದು?" ಎಂದ ಕುರಿಗಾರ.

"ಇವರ ಅಜ್ಜ ಮುತ್ಯಾ ಕಂಡಾರ" ಎಂದೆ ನಾನು.

"ರೂಢಿ ಆಗಲಿ ತಡೀರಿ" ಎಂದು ಅವನು ನೀರು ತರಲು ಹೋದ. ಕಣ್ಣೊರೆಸಿಕೊಳ್ಳಲು ಹೆಂಡತಿ ಶೇಂಗಾ ಹೊಲದತ್ತ ನಡೆದಳು. ಕಾಕಾ ಬೇವಿನ ನೆರಳಿಗೆ ಹೋದ. ಅವ್ವ ಬದುವಿನ ಮೇಲೆ ಕೂತಳು. ನಾನು ಫೋನ್ ಬಂತೆಂದು ದೂರ ಸರಿದೆ.

ನಾಯಿಗೆ ಇದನ್ನು ಸಹಿಸಲಾಗಲಿಲ್ಲ. ಮೊದಲು ಹೆಂಡತಿಯ ಹಿಮ್ಮಡಿಗೆ ಮೂತಿ ಹಚ್ಚಿ ತಂದಿತು. ಕಾಕಾ "ಬಸ್, ಬಸ್" ಎಂದರೂ ಕೇಳದೆ ಅವನನ್ನೂ ಎಬ್ಬಿಸಿ ತಂದಿತು. ಅವ್ವ ತಾನಾಗಿಯೇ ಎದ್ದು ಬಂದಳು. ನಾನು ಫೋನಿನಲ್ಲಿ ಮಾತಾಡುತ್ತಲೇ ಹಿಂದೆ ಹಿಂದೆ ಸರಿದು, ಎಲ್ಲಿದ್ದೇನೆಂದು ತಿರುಗಿ ನೋಡಿದರೆ ದೊಡ್ಡಿಯೊಳಗಿದ್ದೆ. ಕುರಿಗಳು ಸ್ವಲ್ಪ ಸರಿದು ನಮಗೆ ಜಾಗ ಕೊಟ್ಟವು. ನಾಯಿ ಬಾಗಿಲಿಗೆ ಅಡ್ಡ ಮಲಗಿ ನಿಶ್ಚಿಂತೆಯಿಂದ ನಾಲಗೆ ಚಾಚಿತು.

ಕೊಡ ಹೊತ್ತು ಬಂದ ಕುರಿಗಾರ ನಮ್ಮನ್ನೂ ಕುರಿಗಳನ್ನೂ ಗೊಂದಲದಿಂದ ನೋಡಿದ. "ಕರಕೊಂಡು ಹೋಗ್ರಿ ಇದನ್ನ" ಎಂದ. "ನನ್ನ ಕುರಿ ನಿಮ್ಮಷ್ಟು ದಾರಿ ತಪ್ಪಂಗಿಲ್ಲ."

ಹೆಂಡತಿ ಲಗುಬಗೆಯಿಂದ ಗಾಡಿಯ ಬಾಗಿಲು ತೆರೆದಳು. ನಾಯಿ ನಮ್ಮೆಲ್ಲರನ್ನೂ ಹತ್ತಿಸಿ, ಕೊನೆಗೆ ತಾನು ಹತ್ತಿತು. ಕುರಿಗಾರ ಬಾಗಿಲು ಹಾಕುವ ಮೊದಲು ಒಳಗೆ ಬಗ್ಗಿ, "ಎಲ್ಲಾರೂ ಬಂದ್ರೇನು?" ಎಂದು ಕೇಳಿದ.

"ಬಂದೇವ್ರಿ" ಎಂದೆ.

"ನಿಮ್ಮನ್ನ ಕೇಳಿಲ್ರಿ" ಎಂದ, ನಾಯಿಯನ್ನೇ ನೋಡುತ್ತ.